‘ಸಿನಿಮಾ ಹೇಗಿತ್ತು?’ ಅಂದರೆ ಏನು ಹೇಳೋದು?

(ಸಿನಿಮಾ ನೋಡುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯ ನಾಲ್ಕು ಸಾಲು ಆಮೇಲೆ ಸೇರಿಸಿದ್ದು.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಮುಕ್ಕಾಲು ಗಂಟೆ ಸಿನಿಮಾ ಬಗ್ಗೆಯೇ ಮಾತಾಡುತ್ತೇನೆ, ಆದರೆ ಒಂದು ಸಿನಿಮಾದ ಹೆಸರನ್ನೂ ಎತ್ತುವುದಿಲ್ಲ. ಹೆಸರು ಬಾಯಿಂದ ಬಿದ್ದ ಕೂಡಲೇ ಅರ್ಧ ಸಭೆ ‘ಅಯ್ಯೋ, ಅದಾ!’ ಅನ್ನುತ್ತದೆ. ಇನ್ನರ್ಧ ‘ಯಾಕೆ, ಅದಕ್ಕೇನಾಗಿದೆ?’ ಅಂತ ತಿರುಗಿ ನೋಡುತ್ತದೆ. ಆಮೇಲೆ ಇಲ್ಲೊಬ್ಬ ಮೈಕ್ ಹಿಡಿದು ನಿಂತಿದ್ದಾನೆ ಅನ್ನೋದು ಯಾರಿಗೂ ನೆನಪಿರುವುದಿಲ್ಲ.

ನಾನು ವಿಮರ್ಶಕನಲ್ಲ. ವಾರಕ್ಕೆ ಎರಡೋ ಮೂರೋ ಸಿನಿಮಾ ನೋಡುತ್ತೇನೆ, ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ. ಅಷ್ಟೇ ನನ್ನ ಅರ್ಹತೆ. ನಿಮ್ಮಲ್ಲೂ ಬಹಳ ಜನ ಹಾಗೇ ಇರಬೇಕು, ಇಲ್ಲದಿದ್ದರೆ ರಜೆಯ ದಿನ ಇಲ್ಲಿಗೆ ಬರುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಅಕ್ಕನಿಗೆ ಫೋನ್ ಮಾಡಿದ್ದೆ. ಹಿಂದಿನ ರಾತ್ರಿ ಅವಳು ಒಂದು ಸಿನಿಮಾ ನೋಡಿದ್ದಳು. ‘ಹೇಗಿತ್ತೇ?’ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: ‘ಕತೆ ಅಷ್ಟಕ್ಕಷ್ಟೆ ಕಣೋ. ಆದ್ರೆ ಆ ಮನುಷ್ಯ ರಾತ್ರಿಯೆಲ್ಲಾ ಅಲೆದು ಮನೆಗೆ ಬರ್ತಾನೆ. ಶೂ ಬಿಚ್ಚೋಕೂ ಶಕ್ತಿ ಇಲ್ಲ, ಹಾಗೇ ಮಲಗಿಬಿಡ್ತಾನೆ. ಪಾದ ಮಾತ್ರ ಮಂಚದಿಂದ ಹೊರಗೆ. ಹಾಸಿಗೆ ಕೊಳೆ ಆಗಬಾರದಲ್ಲ, ಅದಕ್ಕೆ. ಅದನ್ನ ನೋಡಿ ನಾನು ಸುಮ್ನೆ ಕೂತುಬಿಟ್ಟೆ.’

ಅಷ್ಟೇ. ಅಂಕ ಕೊಡಲಿಲ್ಲ, ನೋಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವತ್ತು ರಾತ್ರಿಯೇ ಹಾಕಿಕೊಂಡು ನೋಡಿದೆ. ಕತೆ ನಿಜಕ್ಕೂ ಅಷ್ಟಕ್ಕಷ್ಟೆ. ಆದರೆ ಆ ದೃಶ್ಯ ಬಂದಾಗ ನನಗೂ ಗಂಟಲು ಕಟ್ಟಿತು.

ಅದೇ ವಾರ ಒಬ್ಬ ಗೆಳೆಯ ಇನ್ನೊಂದು ಸಿನಿಮಾ ಬಗ್ಗೆ ಹೇಳಿದ್ದ. ‘ಸೂಪರ್ ಮಗಾ. ಮಿಸ್ ಮಾಡಬೇಡ. ಹತ್ತಕ್ಕೆ ಒಂಬತ್ತು.’ ಅದನ್ನು ಇವತ್ತಿಗೂ ನೋಡಿಲ್ಲ. ಅವನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಹತ್ತಕ್ಕೆ ಒಂಬತ್ತು ಅನ್ನೋದನ್ನ ಇಟ್ಟುಕೊಂಡು ನಾನೇನು ಮಾಡಲಿ? ಒಂಬತ್ತು ಅವನಿಗೆ ಎಲ್ಲಿ ಸಿಕ್ಕಿತು, ಆ ಕಳೆದುಹೋದ ಒಂದು ಎಲ್ಲಿ ಬಿತ್ತು, ಏನೂ ಗೊತ್ತಿಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸ. ಗೆಳೆಯ ಸಿನಿಮಾಕ್ಕೆ ಮಾರ್ಕ್ಸ್ ಹಾಕಿದ. ಅಕ್ಕ ತನಗೇನಾಯಿತು ಅಂತ ಹೇಳಿದಳು.

ನೋಡಿದವರು ಸುಮ್ನೆ ಹೇಳೋ ಮಾತಿಗೆ ಬೆಲೆ ಇಲ್ಲ, ತಿಳಿದವರು ಹೇಳಬೇಕು ಅಂತ ಒಂದು ಅಭಿಪ್ರಾಯ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ಡೇನಿಯಲ್ ಗಿಲ್ಬರ್ಟ್ ಅಂತ ಹಾರ್ವರ್ಡ್‌ನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞರಿದ್ದಾರೆ. ಅವರು ಮತ್ತು ಜೊತೆಗಾರರು 2009ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಬ್ಬ ಹುಡುಗನ ಜೊತೆ ಕೆಲವೇ ನಿಮಿಷ ಕೂತು ಮಾತಾಡಬೇಕು. ಅದಕ್ಕೆ ಮುಂಚೆ, ನಿಮಗೆ ಆ ಭೇಟಿ ಎಷ್ಟು ಹಿಡಿಸಬಹುದು ಅಂತ ಊಹಿಸಬೇಕು. ಕೆಲವು ಹುಡುಗಿಯರಿಗೆ ಅವನ ಫೋಟೋ ಮತ್ತು ಪೂರ್ತಿ ವಿವರ ಕೊಟ್ಟರು. ಇನ್ನು ಕೆಲವರಿಗೆ ಕೊಟ್ಟಿದ್ದು ಒಂದೇ ಮಾಹಿತಿ: ಈಗಷ್ಟೇ ಅವನ ಜೊತೆ ಮಾತಾಡಿ ಎದ್ದ ಇನ್ನೊಬ್ಬ ಹುಡುಗಿಗೆ ಎಷ್ಟು ಹಿಡಿಸಿತು ಅನ್ನೋದು. ಇವರು ಹುಡುಗನ ಫೋಟೋವನ್ನೂ ನೋಡಿರಲಿಲ್ಲ. ಆದರೂ ಈ ಎರಡನೆಯವರ ಊಹೆಯೇ ಹೆಚ್ಚು ಸರಿಯಾಗಿತ್ತು. ತಮಾಷೆ ಅಂದರೆ, ಯಾವುದು ಜಾಸ್ತಿ ಉಪಯೋಗ ಅಂತ ಕೇಳಿದರೆ ಬಹಳ ಜನ ಫೋಟೋ, ವಿವರ ಅಂತಲೇ ಹೇಳಿದರು.

ನಮ್ಮ ಲೆಕ್ಕಕ್ಕೆ ಫೋಟೋ ಮತ್ತು ವಿವರ ಅಂದರೆ ಟ್ರೇಲರ್. ನಾವು ಟ್ರೇಲರ್ ನಂಬುತ್ತೇವೆ. ನಂಬಬೇಕಾದ್ದು ಈಗಷ್ಟೇ ನೋಡಿಕೊಂಡು ಹೊರಗೆ ಬಂದವರನ್ನು.

ಅಲ್ಲಿ ಕೊಟ್ಟಿದ್ದೂ ಒಂದು ಅಂಕಿಯೇ ಅಲ್ವಾ, ನಿಮ್ಮ ಗೆಳೆಯನನ್ನ ಯಾಕೆ ಬೈತೀರಿ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಅದು ‘ನನಗೆ ಎಷ್ಟು ಖುಷಿಯಾಯಿತು’ ಅನ್ನುವ ಅಂಕಿ. ‘ಹುಡುಗ ಎಷ್ಟು ಒಳ್ಳೆಯವನು’ ಅನ್ನುವ ಅಂಕಿ ಅಲ್ಲ. ಮೊದಲನೆಯದರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಎರಡನೆಯದರಲ್ಲಿ ಬರೀ ತೀರ್ಪು ಇದೆ.

ಅಂಕಿಗಳ ವಿಷಯ ಬಂತು, ಬೇಗ ಮುಗಿಸಿಬಿಡುತ್ತೇನೆ. ರಾಟನ್ ಟೊಮೆಟೋಸ್ ತಾಣದ ಹೆಸರು ಕೇಳಿರುತ್ತೀರಿ, 1998ರಿಂದ ಇದೆ. ಅಲ್ಲಿ ಕಾಣುವ ಶೇಕಡಾವಾರು ಲೆಕ್ಕವನ್ನು ಬಹಳ ಜನ ಸಿನಿಮಾಕ್ಕೆ ಬಂದ ಮಾರ್ಕ್ಸ್ ಅಂದುಕೊಳ್ಳುತ್ತಾರೆ. ಅಲ್ಲ. ಎಷ್ಟು ವಿಮರ್ಶಕರು ಸಿನಿಮಾ ಪರವಾಗಿ ಬರೆದರು ಅನ್ನೋದರ ಲೆಕ್ಕ ಅದು. ನೂರು ಜನರೂ ‘ಪರವಾಗಿಲ್ಲ, ಒಂದು ಸಲ ನೋಡಬಹುದು’ ಅಂದರೆ 100 ಬರುತ್ತದೆ. ಅರವತ್ತು ಜನ ತಲೆ ಮೇಲೆ ಹೊತ್ತು ಕುಣಿದು, ನಲವತ್ತು ಜನ ಉಗಿದರೆ 60. ನನ್ನನ್ನು ಕೇಳಿದರೆ ನಾನು ಎರಡನೆಯದಕ್ಕೇ ಹೋಗುತ್ತೇನೆ. ಅಷ್ಟು ಜಗಳ ಎಬ್ಬಿಸಿದೆ ಅಂದಮೇಲೆ ಅದರಲ್ಲಿ ಏನೋ ಇರಬೇಕು.

ಅಂಕಿಯ ಇನ್ನೊಂದು ತೊಂದರೆ ಅಂದರೆ ಅದು ಅಂಟುತ್ತದೆ. ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಸಿನಿಮಾದ್ದಲ್ಲ, ಹಾಡಿನದು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡು, 14,000ಕ್ಕೂ ಹೆಚ್ಚು ಕೇಳುಗರು. ಒಂದು ಗುಂಪಿನವರು ಬೇರೆಯವರ ಗೋಜಿಲ್ಲದೆ ತಾವೇ ಕೇಳಿ ಆರಿಸಿಕೊಂಡರು. ಉಳಿದವರನ್ನು ಎಂಟು ಬೇರೆ ಬೇರೆ ಲೋಕಗಳಾಗಿ ಒಡೆದರು. ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಅಂತ ಅವರಿಗೆ ಕಾಣುತ್ತಿತ್ತು. ಎಂಟು ಲೋಕದಲ್ಲೂ ಹಾಡುಗಳು ಅವೇ. ಆದರೆ ಗೆದ್ದ ಹಾಡು ಎಲ್ಲಾ ಕಡೆ ಒಂದೇ ಆಗಲಿಲ್ಲ. ತಾವೇ ಕೇಳಿ ಆರಿಸಿದವರ ಪಟ್ಟಿಯಲ್ಲಿ 26ನೇ ಜಾಗದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ ಮೊದಲು ಬಂತು, ಇನ್ನೊಂದರಲ್ಲಿ 40ನೇ ಜಾಗಕ್ಕೆ ಬಿತ್ತು. ತೀರಾ ಕೆಟ್ಟ ಹಾಡು ಮೇಲೇರಿದ್ದು ಅಪರೂಪ, ಅದನ್ನೂ ಹೇಳಬೇಕು. ಆದರೆ ನಡುವಿನವುಗಳ ಗತಿ, ಮೊದಲು ಯಾರು ಕೈ ಎತ್ತಿದರು ಅನ್ನೋದರ ಮೇಲೆ.

ಇದನ್ನ ಓದಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಸಿನಿಮಾ ಮುಗಿದ ಮೇಲೆ, ಫೋನ್ ಮುಟ್ಟುವ ಮೊದಲು, ಮೂರು ಸಾಲು ಬರೆಯುತ್ತೇನೆ. ಪುಸ್ತಕ ತಂದಿದ್ದೇನೆ, ಒಂದು ಓದುತ್ತೇನೆ. ಯಾವ ಸಿನಿಮಾ ಅಂತ ಕೇಳಬೇಡಿ. ‘ಬೆನ್ನು ನೋವು. ಅರ್ಧ ಆದಮೇಲೆ ಎರಡು ಸಲ ಗಡಿಯಾರ ನೋಡಿದೆ. ಹುಡುಗಿ ಬಸ್ಸಿನ ಕಿಟಕಿ ಗಾಜನ್ನು ಮುಂಗೈಯಿಂದ ಒರೆಸಿ, ಹೊರಗೆ ನೋಡದೆ, ಒದ್ದೆಯಾದ ತೋಳನ್ನೇ ನೋಡುತ್ತಾ ಕೂರುವುದು ಇಷ್ಟವಾಯಿತು.’

ಇದನ್ನು ಬರೆದು ಎರಡು ತಿಂಗಳಾದ ಮೇಲೆ ಒಂದು ಮದುವೆಮನೆಯಲ್ಲಿ ಯಾರೋ ಆ ಸಿನಿಮಾ ಬಗ್ಗೆ ಕೇಳಿದರು. ನಾನು ಏನು ಹೇಳಿದೆ ಗೊತ್ತಾ? ‘ಅದ್ಭುತ! ಒಂದು ಕ್ಷಣವೂ ಬೋರ್ ಹೊಡೆಯಲ್ಲ.’ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ನಡುವೆ ಆ ಸಿನಿಮಾಕ್ಕೆ ಪ್ರಶಸ್ತಿಗಳು ಬಂದಿದ್ದವು, ನಾಲ್ಕು ಜನ ದೊಡ್ಡವರು ಹೊಗಳಿದ್ದರು. ಅವರ ಹೊಗಳಿಕೆ ನನ್ನ ನೆನಪಿನೊಳಗೆ ಬಂದು ಚಾಪೆ ಹಾಸಿಕೊಂಡು ಕೂತುಬಿಟ್ಟಿತ್ತು. ಮನೆಗೆ ಬಂದು ಪುಸ್ತಕ ತೆಗೆದರೆ, ಎರಡು ಸಲ ಗಡಿಯಾರ ನೋಡಿದೆ ಅಂತ ನನ್ನದೇ ಕೈಬರಹ! ಅವತ್ತು ನಿಜಕ್ಕೂ ನಾಚಿಕೆ ಆಯಿತು.

ನೆನಪು ಹೀಗೆ ಆಟ ಆಡುತ್ತದೆ ಅನ್ನೋದಕ್ಕೆ ಹಳೆಯ ಪುರಾವೆ ಇದೆ. ಅದೂ ಪರದೆಯ ಮೇಲೆ ನೋಡಿದ ಚಿತ್ರದ ನೆನಪಿನ ಬಗ್ಗೆಯೇ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಫಿಲ್ಮುಗಳನ್ನು ತೋರಿಸಿದರು. ಆಮೇಲೆ ಕಾರು ಎಷ್ಟು ವೇಗದಲ್ಲಿತ್ತು ಅಂತ ಕೇಳಿದರು. ಕೆಲವರಿಗೆ ‘ಅಪ್ಪಳಿಸಿದಾಗ’ ಅಂತ, ಕೆಲವರಿಗೆ ‘ತಾಗಿದಾಗ’ ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಗಂಟೆಗೆ ಸುಮಾರು 40 ಮೈಲಿ ಅಂದರು. ತಾಗಿದಾಗ ಅಂತ ಕೇಳಿಸಿಕೊಂಡವರು ಸುಮಾರು 32 ಅಂದರು. ಫಿಲ್ಮ್ ಅದೇ, ಕ್ರಿಯಾಪದ ಮಾತ್ರ ಬೇರೆ.

ಇನ್ನೊಂದು ಸುತ್ತು ಮಾಡಿದರು. ಒಂದು ವಾರ ಬಿಟ್ಟು ಕರೆದು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಗುಂಪಿನ 50 ಜನರಲ್ಲಿ 16 ಮಂದಿ ‘ಹೌದು, ನೋಡಿದೆವು’ ಅಂದರು. ಸಾಧಾರಣ ಪದದಲ್ಲಿ, ಬರೀ ‘ಗುದ್ದಿದಾಗ’ ಅಂತ ಕೇಳಿಸಿಕೊಂಡ 50ರಲ್ಲಿ 7 ಮಂದಿ.

ಈಗ ಯೋಚನೆ ಮಾಡಿ. ಸಿನಿಮಾ ಮುಗಿಸಿ ಮೆಟ್ಟಿಲು ಇಳಿಯುವಾಗ ಪಕ್ಕದವರು ‘ಥೂ, ಎಂಥಾ ಎಳೆದಾಟ’ ಅಂತಾರೆ. ನೀವು ‘ಹ್ಞೂಂ’ ಅಂತೀರಿ. ಆ ‘ಎಳೆದಾಟ’ ಅನ್ನೋ ಪದ ನಿಮ್ಮ ಒಳಗೆ ಗಾಜು ಒಡೆಯೋಕೆ ಶುರು ಮಾಡಿರುತ್ತದೆ. ಅದಕ್ಕೇ ಹೇಳೋದು, ಮೊದಲ ಹತ್ತು ನಿಮಿಷ ನಿಮ್ಮ ಪದಗಳನ್ನು ನೀವೇ ಹುಡುಕಿಕೊಳ್ಳಿ. ಆಮೇಲೆ ಬೇಕಾದ್ದು ಕೇಳಿಸಿಕೊಳ್ಳಿ, ಜಗಳ ಆಡಿ.

ಹಾಗಾದರೆ ಬರೆದಿಟ್ಟ ಮೂರು ಸಾಲು ಮಾತ್ರ ಸತ್ಯವೋ? ಅದೂ ಪೂರ್ತಿ ಅಲ್ಲ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾನ್ಮನ್ 1993ರಲ್ಲಿ ಫಿಲ್ಮ್ ತುಣುಕುಗಳನ್ನು ತೋರಿಸಿ ಒಂದು ಅಧ್ಯಯನ ಮಾಡಿದರು. ನೋಡುತ್ತಿರುವಾಗ ಕ್ಷಣ ಕ್ಷಣಕ್ಕೆ ಹೇಗನ್ನಿಸುತ್ತಿದೆ ಅಂತ ದಾಖಲಿಸಿಕೊಂಡರು, ಮುಗಿದ ಮೇಲೆ ಒಟ್ಟಾರೆ ಹೇಗಿತ್ತು ಅಂತ ಕೇಳಿದರು. ಒಟ್ಟಾರೆ ಉತ್ತರದಲ್ಲಿ ತುಣುಕು ಎಷ್ಟು ಉದ್ದ ಇತ್ತು ಅನ್ನೋದಕ್ಕೆ ಹೆಚ್ಚು ಲೆಕ್ಕವೇ ಇರಲಿಲ್ಲ. ಎಲ್ಲಕ್ಕಿಂತ ಗಾಢವಾದ ಕ್ಷಣ ಮತ್ತು ಕೊನೆ, ಇವೆರಡೇ ಭಾರ ತೂಗಿದ್ದು. ಎರಡೂಕಾಲು ಗಂಟೆ ಚೆನ್ನಾಗಿ ಹೋಗಿ ಕೊನೆಯ ಹತ್ತು ನಿಮಿಷ ಕೆಟ್ಟರೆ ‘ಹಾಳು ಮಾಡಿಬಿಟ್ಟ’ ಅಂತೀವಲ್ಲ, ಅದು ಇದೇ. ಪಾಪ, ಆ ಎರಡೂಕಾಲು ಗಂಟೆ ನಾವು ನಕ್ಕಿದ್ದು ಎಲ್ಲಿ ಹೋಯಿತು? ನಾನೀಗ ಹಾಗೆ ಅನ್ನಿಸಿದಾಗ ‘ಕೊನೆ ಹಿಡಿಸಲಿಲ್ಲ’ ಅಂತಷ್ಟೇ ಬರೆಯುತ್ತೇನೆ. ಅಷ್ಟು ಮಾತ್ರ ನನಗೆ ಗ್ಯಾರಂಟಿ.

ಇನ್ನೊಂದು ಪೀಡೆ ಇದೆ: ‘ಯಾಕೆ?’ ಇಷ್ಟ ಆಯಿತು ಅಂದ ಕೂಡಲೇ ‘ಯಾಕೆ ಇಷ್ಟ ಆಯ್ತು, ಕಾರಣ ಹೇಳು’ ಅಂತ ಕಟಕಟೆಗೆ ನಿಲ್ಲಿಸುವವರು. ಕಾರಣ ಕೇಳಿದರೆ ನಾವು ಹೇಳಲು ಸುಲಭವಾದದ್ದನ್ನು ಹೇಳುತ್ತೇವೆ. ‘ಕ್ಯಾಮೆರಾ ಚೆನ್ನಾಗಿದೆ, ಹಿನ್ನೆಲೆ ಸಂಗೀತ ಚೆನ್ನಾಗಿದೆ.’ ತಿಮೋತಿ ವಿಲ್ಸನ್ ಮತ್ತು ಜೊತೆಗಾರರು 1993ರಲ್ಲಿ ಇದನ್ನು ಗೋಡೆಗೆ ಹಾಕುವ ಪೋಸ್ಟರ್‌ಗಳ ಮೇಲೆ ಪರೀಕ್ಷೆ ಮಾಡಿದರು. ಯಾಕೆ ಇಷ್ಟ ಅಂತ ಮೊದಲು ಕಾರಣ ಬರೆದು, ಆಮೇಲೆ ಒಂದು ಪೋಸ್ಟರ್ ಆರಿಸಿಕೊಂಡು ಮನೆಗೆ ಒಯ್ದವರಿಗೆ, ಕೆಲವು ವಾರ ಬಿಟ್ಟು ಕೇಳಿದಾಗ, ಸುಮ್ನೆ ಆರಿಸಿಕೊಂಡವರಿಗಿಂತ ಕಡಿಮೆ ಸಮಾಧಾನ ಇತ್ತು. ಹಾಗಾಗಿ ‘ಯಾಕೆ?’ ಬದಲು ‘ಎಲ್ಲಿ?’ ಅಂತ ಕೇಳಿ ನೋಡಿ. ‘ಎಲ್ಲಿ ಹಿಡಿಸಿತು?’ ಅಂದರೆ ಜನ ದೃಶ್ಯ ಹೇಳುತ್ತಾರೆ. ಕಾರಣ ಅದರೊಳಗೇ ಇರುತ್ತದೆ.

ಈಗ ನನ್ನದೇ ಒಂದು ಪೇಚಿನ ಪ್ರಸಂಗ.

ಒಂದು ಸಿನಿಮಾ ನೋಡಿ ನನಗೆ ಹುಚ್ಚೇ ಹಿಡಿದಿತ್ತು. ಹೇಳಿ ಹೇಳಿ ಎಲ್ಲರ ತಲೆ ತಿಂದೆ. ಕೊನೆಗೆ ಆರು ಜನ ಮನೆಯವರನ್ನು ಒಟ್ಟಿಗೆ ಕೂರಿಸಿ ಹಾಕಿದೆ. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಭಾವನ ಫೋನ್ ಬೆಳಗಿತು. ನಾನು ‘ಈಗ ಬರುತ್ತೆ ನೋಡಿ’ ಅಂದೆ. ಅರ್ಧ ಗಂಟೆಗೆ ಅತ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳಲಿಲ್ಲ. ನಾನು ‘ಇದೇ, ಇದೇ, ಈ ಸೀನ್’ ಅಂದೆ. ಆ ಸೀನ್ ಬಂತು, ಹೋಯಿತು. ನಾನು ಪರದೆ ನೋಡುತ್ತಲೇ ಇರಲಿಲ್ಲ, ಅವರ ಮುಖ ನೋಡುತ್ತಿದ್ದೆ. ಆರು ಮುಖದಲ್ಲೂ ಏನೂ ಇಲ್ಲ. ಮುಗಿದ ಮೇಲೆ ಅತ್ತೆ ಬಹಳ ಮರ್ಯಾದೆಯಿಂದ ‘ಚೆನ್ನಾಗಿತ್ತಪ್ಪ’ ಅಂದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಎಲ್ಲಿ ತಪ್ಪಿದೆ ಅಂತ ಆಮೇಲೆ ಅರ್ಥವಾಯಿತು. ‘ಅಳು ಬರುತ್ತೆ’ ಅಂತ ಮೊದಲೇ ಹೇಳಿ ಕೂರಿಸಿದ್ದೆ. ಅಳು ಬರುತ್ತೆ ಅಂತ ಗೊತ್ತಿದ್ದವರಿಗೆ ಅಳು ಬರಲ್ಲ, ಅದು ಬರುತ್ತಾ ಅಂತ ಕಾಯುತ್ತಾರೆ. ಅಕ್ಕ ಹಾಗೆ ಮಾಡಿರಲಿಲ್ಲ. ತಾನು ಸುಮ್ಮನೆ ಕೂತುಬಿಟ್ಟೆ ಅಂದಿದ್ದಳು, ನೀನೂ ಕೂರ್ತೀಯ ಅಂದಿರಲಿಲ್ಲ.

ಇದರ ಇನ್ನೊಂದು ಮುಖವೂ ಇದೆ, ನನಗೆ ಬಹಳ ಹಿಡಿಸಿದ್ದು. ಗಸ್ ಕೂನಿ ಅನ್ನುವ ಸಂಶೋಧಕ, ಆಗಲೇ ಹೇಳಿದ ಗಿಲ್ಬರ್ಟ್ ಮತ್ತು ವಿಲ್ಸನ್ ಜೊತೆ ಸೇರಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕು ಜನರ ಗುಂಪು. ಒಬ್ಬರಿಗೆ ತುಂಬಾ ಚೆನ್ನಾಗಿರುವ ವಿಡಿಯೋ ತೋರಿಸುತ್ತಾರೆ, ಉಳಿದ ಮೂವರಿಗೆ ಸಾಧಾರಣವಾದದ್ದು. ಆಮೇಲೆ ನಾಲ್ವರನ್ನೂ ಒಟ್ಟಿಗೆ ಮಾತಿಗೆ ಬಿಡುತ್ತಾರೆ. ಒಳ್ಳೆಯದನ್ನ ನೋಡಿದವರೇ ಖುಷಿಯಾಗಿರಬೇಕು, ಮಾತಿಗೂ ಅವರದೇ ಮೇಲುಗೈ ಅಂತ ನಾವು ಅಂದುಕೊಳ್ಳುತ್ತೇವೆ. ಆಗಿದ್ದು ಉಲ್ಟಾ. ಅವರು ಮಾತಿನಿಂದ ಹೊರಗುಳಿದರು, ಕೊನೆಗೆ ಮೂವರಿಗಿಂತ ಬೇಜಾರಾಗಿ ಎದ್ದರು. ಆ ಮೂವರು ಸಾಧಾರಣ ವಿಡಿಯೋ ಹಿಡಿದುಕೊಂಡು ಆರಾಮಾಗಿ ಹರಟಿದರು.

ಅದೇ ಮೂವರು 2017ರಲ್ಲಿ ಇನ್ನೊಂದು ಪ್ರಕಟಿಸಿದರು. ನೀವು ನೋಡಿದ್ದನ್ನು ಬೇರೆಯವರಿಗೆ ಹೇಳುವಾಗ, ಅವರು ಅದನ್ನು ನೋಡಿರದಿದ್ದರೆ ಹೆಚ್ಚು ಆಸಕ್ತಿಯಿಂದ ಕೇಳುತ್ತಾರೆ ಅಂತ ಹೇಳುವವರ ನಂಬಿಕೆ. ಆದರೆ ಕೇಳುವವರಿಗೆ ಖುಷಿ ಕೊಟ್ಟಿದ್ದು ತಾವೂ ನೋಡಿದ್ದರ ಬಗ್ಗೆ ಕೇಳುವುದೇ. ಕಾರಣ ಸುಲಭ. ನೋಡದವರಿಗೆ ನಾವು ಹೇಳುವಾಗ ತುಂಬಾ ಜಾಗ ಖಾಲಿ ಬಿಡುತ್ತೇವೆ. ನಮ್ಮ ತಲೆಯಲ್ಲಿ ಪೂರ್ತಿ ಚಿತ್ರ ಓಡುತ್ತಿರುತ್ತದೆ, ಬಾಯಿಂದ ಹೊರಗೆ ಬರುವುದು ‘ಆಗ ಅವನು ಬರ್ತಾನೆ, ಅಂದ್ರೆ ಅವನಲ್ಲ, ಮೊದಲು ಬಂದಿದ್ನಲ್ಲ ಅವನ ತಮ್ಮ…’ ಅಂತ. ಇಡೀ ಕತೆ ಹೇಳೋಕೆ ಹೊರಟವರ ಗತಿ ಇದು. ನೀವು ಹೇಳುವಾಗ ಎದುರಿನವರ ಕಣ್ಣು ಬಾಗಿಲ ಕಡೆ ಹೋಗೋದನ್ನ ನೋಡಿಲ್ವಾ? ನಾನಂತೂ ಬಹಳ ಸಲ ನೋಡಿದ್ದೇನೆ.

ಆದ್ದರಿಂದ ನೋಡದವರಿಗೆ ಒಂದೇ ದೃಶ್ಯ ಸಾಕು, ಅದೂ ಅರ್ಧ ನಿಮಿಷ. ನೋಡಿದವರು ಸಿಕ್ಕರೆ ಬಿಡಬೇಡಿ, ರಾತ್ರಿ ಪೂರ್ತಿ ಕೂರಿ. ಅಲ್ಲಿ ಒಬ್ಬರು ‘ಆ ಬಾಗಿಲು…’ ಅಂದರೆ ಸಾಕು, ಇನ್ನೊಬ್ಬರು ‘ಹೌದು, ಆ ಬಾಗಿಲು!’ ಅಂತಾರೆ.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

(ಮೂರನೇ ಸಾಲಿನಿಂದ ಒಬ್ಬ ಹಿರಿಯ ಮಹಿಳೆ ಕೇಳಿದರು: ‘ಸಿನಿಮಾ ಮಾಡಿದವರು ವರ್ಷಗಟ್ಟಲೆ ಒದ್ದಾಡಿರ್ತಾರೆ. ನಾವು ಎರಡೇ ಮಾತಲ್ಲಿ ಚೆನ್ನಾಗಿಲ್ಲ ಅಂದುಬಿಡೋದು ಸರೀನಾ?’)

ಕಷ್ಟಪಟ್ಟಿದ್ದಾರೆ ಅಂತ ಇಷ್ಟಪಡೋಕೆ ಆಗಲ್ಲಮ್ಮ. ಆದರೆ ‘ಚೆನ್ನಾಗಿಲ್ಲ’ ಅಂದಾಗ ಇಡೀ ಸಿನಿಮಾವನ್ನ ತಳ್ಳಿಹಾಕಿದ ಹಾಗೆ. ‘ನನಗೆ ನಿದ್ದೆ ಬಂತು’ ಅಂದರೆ ನನ್ನ ನಿದ್ದೆಯ ಸುದ್ದಿ ಮಾತ್ರ. ಯಾರೂ ಅದನ್ನ ಅಲ್ಲಗಳೆಯೋಕೆ ಬರಲ್ಲ, ಮಾಡಿದವರಿಗೂ ಅಷ್ಟು ನೋವಾಗಲ್ಲ. ಮತ್ತೆ, ನಿದ್ದೆ ಬಂದಿದ್ದು ಹಿಂದಿನ ರಾತ್ರಿ ಮಲಗದೇ ಇದ್ದಿದ್ದಕ್ಕೂ ಇರಬಹುದಲ್ಲ.

(ಹಿಂದಿನ ಸಾಲಿನಿಂದ ಒಬ್ಬ ಹುಡುಗ: ‘ಸಾರ್, ಆ ಶೂ ಸಿನಿಮಾ ಹೆಸರು ಹೇಳಿಬಿಡಿ.’ ಎಲ್ಲರೂ ನಕ್ಕರು. ಸಭೆ ಮುಗಿದ ಮೇಲೆ ಅವನ ಕಿವಿಯಲ್ಲಿ ಹೇಳಿದೆ.)

ಎರಡು ದಿನ ಬಿಟ್ಟು ಆ ಹುಡುಗನ ಮೆಸೇಜ್ ಬಂತು: ‘ನೋಡಿದೆ ಸಾರ್. ಶೂ ಹಾಕ್ಕೊಂಡೇ ಮಲಗ್ತಾನೆ, ಆದ್ರೆ ಕಾಲು ಹಾಸಿಗೆ ಮೇಲೇ ಇದೆಯಲ್ಲ?’ ನಂಬಿಕೆ ಬರಲಿಲ್ಲ, ಮತ್ತೆ ಹಾಕಿ ನೋಡಿದೆ. ಹುಡುಗ ಹೇಳಿದ್ದು ನಿಜ. ಎರಡೂ ಕಾಲು ಹಾಸಿಗೆಯ ಮೇಲೆ, ಶೂ ಸಮೇತ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಪಾದ ಹೊರಗಿಟ್ಟು ಮಲಗ್ತಿದ್ದಿದ್ದು ಅಪ್ಪ ಅಲ್ವೇನೋ’ ಅಂದಳು.